ಎಸ್ಕೇಪ್ ಕೀಲಿಯ ಕೆಳಗಿನ ಪುಟ್ಟ ಗೀಟು

ಹೋದ ಸಂಚಿಕೆಯಲ್ಲಿ ರಾತ್ರಿ ಪಾಳಿಯ ಲಾಗ್ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬೆಂಗಳೂರಿನ ಬೇರೆ ಬೇರೆ ಕಂಪನಿಗಳಲ್ಲಿ 16 ವರ್ಷ ಅದೇ ಕೆಲಸ ಮಾಡಿದವಳು ನಾನು. ಹಗಲು ಮಲಗಿ ರಾತ್ರಿ ಎದ್ದಿರುವುದು ಈಗಲೂ ಪೂರ್ತಿ ಬಿಟ್ಟಿಲ್ಲ. ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಸ್ಪ್ಲಂಕ್‌ನ ಸರ್ಚ್ ಮ್ಯಾಕ್ರೋ ಬಗ್ಗೆ. ಹಾಗಾಗಿ ಈ ಸಲ ಬರೀ ಅದೇ.

ಗೊತ್ತಿಲ್ಲದವರಿಗೆ ಒಂದು ಮಾತು. ಸರ್ವರ್‌ಗಳು ತಾವು ಮಾಡಿದ ಪ್ರತಿಯೊಂದು ಕೆಲಸವನ್ನೂ ಸಾಲು ಸಾಲಾಗಿ ಬರೆದಿಡುತ್ತವೆ. ಅದೇ ಲಾಗ್. ಅಂಥ ಕೋಟಿಗಟ್ಟಲೆ ಸಾಲುಗಳನ್ನು ಒಂದು ಕಡೆ ಸೇರಿಸಿ ಹುಡುಕಲು ಕೊಡುವ ತಂತ್ರಾಂಶ ಸ್ಪ್ಲಂಕ್. 2003ರಲ್ಲಿ ಅಮೆರಿಕದಲ್ಲಿ ಶುರುವಾಯಿತು, 2024ರ ಮಾರ್ಚ್‌ನಲ್ಲಿ ಸಿಸ್ಕೋ ಪಾಲಾಯಿತು. ಟಾರ್ಚು ಹಿಡಿದು ಗುಹೆ ಹೊಗುವುದಕ್ಕೆ ಅಲ್ಲಿಯವರು ಸ್ಪೆಲಂಕಿಂಗ್ ಅಂತಾರೆ, ಅದರಿಂದ ಹುಟ್ಟಿದ ಹೆಸರಂತೆ. ರಾತ್ರಿ ಪಾಳಿ ಮಾಡಿದವರಿಗೆ ಆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ.

ಪದೇ ಪದೇ ಬರೆಯಬೇಕಾದ ಉದ್ದನೆಯ ಹುಡುಕಾಟವನ್ನು ಒಂದು ಹೆಸರಿಟ್ಟು ಎತ್ತಿಟ್ಟುಕೊಂಡರೆ ಅದು ಮ್ಯಾಕ್ರೋ. ಪುಳಿಯೋಗರೆ ಗೊಜ್ಜು ಮಾಡಿ ಡಬ್ಬಕ್ಕೆ ಹಾಕಿಟ್ಟ ಹಾಗೆ. ಬೇಕಾದಾಗ ಅನ್ನಕ್ಕೆ ಕಲಸುವುದು. ಕೆಳಗಿನ ಉತ್ತರಗಳಲ್ಲಿ ಕಮಾಂಡು, ಹೆಸರು ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಪರದೆಯ ಮೇಲೆ ನೀವು ಇಂಗ್ಲಿಷಿನಲ್ಲೇ ಹೊಡೆಯಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಮೇಡಂ, ನಮ್ಮ ಟೀಮಿನಲ್ಲಿ ಒಬ್ಬರು ಕೆಲಸ ಬಿಟ್ಟು ಹೋದರು. ಹೋಗುವಾಗ ತಮ್ಮ ಸರ್ಚ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದುಕೊಟ್ಟಿದ್ದಾರೆ. ಅವರ ಲ್ಯಾಪ್‌ಟಾಪಿನಲ್ಲಿ ಕಣ್ಣೆದುರೇ ಓಡುತ್ತಿತ್ತು. ನಾನು ಅದನ್ನೇ ಹಾಕಿದರೆ ‘ಪೇಮೆಂಟ್_ಲಾಗ್ ಎಂಬ ಮ್ಯಾಕ್ರೋ ಸಿಗುತ್ತಿಲ್ಲ’ ಅಂತ ಕೆಂಪು ಸಾಲು ಬರುತ್ತದೆ. ಒಂದಕ್ಷರವೂ ವ್ಯತ್ಯಾಸವಿಲ್ಲ. ಏನು ಮಾಡಲಿ? — ಹೆಸರು ಬೇಡ ಅಂದವರು, ಬೆಂಗಳೂರು

ಮೊದಲು ಆ ಕೆಂಪು ಸಾಲನ್ನು ಕೊನೆಯವರೆಗೂ ಓದಿ. ಕೆಂಪು ಕಂಡ ತಕ್ಷಣ ಓದುವುದನ್ನೇ ಬಿಟ್ಟುಬಿಡುತ್ತೇವೆ ನಾವು. ಆ ಸಾಲಿನಲ್ಲೇ ಮೂರು ಕಾರಣ ಬರೆದಿರುತ್ತದೆ: ಹೆಸರಿನ ಕಾಗುಣಿತ ತಪ್ಪಿರಬಹುದು, ಅದನ್ನು ಓದುವ ಅನುಮತಿ ನಿಮಗೆ ಇಲ್ಲದಿರಬಹುದು, ಅಥವಾ ಆ ಮ್ಯಾಕ್ರೋವನ್ನು ನೀವಿರುವ ಆ್ಯಪ್ (ಸ್ಪ್ಲಂಕ್ ಒಳಗಿನ ಬೇರೆ ಬೇರೆ ಕೋಣೆಗಳಿಗೆ ಹಾಗಂತಾರೆ) ಜತೆ ಹಂಚಿಕೊಂಡಿಲ್ಲದಿರಬಹುದು. ಎಲ್ಲಿ ಹೋಗಿ ನೋಡಬೇಕು ಅನ್ನುವುದನ್ನೂ ಅಲ್ಲೇ ಹೇಳಿರುತ್ತಾರೆ. ಇಷ್ಟು ಒಳ್ಳೆಯ ಎರರ್ ಸಂದೇಶ ನಮ್ಮ ಕೆಲಸದಲ್ಲಿ ಸಿಗುವುದೇ ಅಪರೂಪ.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಎರಡನೆಯದರ ಮೇಲೆ. ಸ್ಪ್ಲಂಕ್‌ನಲ್ಲಿ ಹೊಸದಾಗಿ ಏನು ಮಾಡಿದರೂ ಸಾಮಾನ್ಯವಾಗಿ ಅದು ಮಾಡಿದವರ ಸ್ವಂತದ್ದಾಗಿ ಉಳಿಯುತ್ತದೆ. ಪರ್ಮಿಷನ್ಸ್‌ಗೆ ಹೋಗಿ ಬೇಕಂತಲೇ ಹಂಚಿಕೊಂಡರೆ ಮಾತ್ರ ಬೇರೆಯವರಿಗೆ ಕಾಣುತ್ತದೆ. ನಿಮ್ಮ ಸಹೋದ್ಯೋಗಿ ಸರ್ಚ್ ಬರೆದುಕೊಟ್ಟರು, ಗೊಜ್ಜಿನ ಡಬ್ಬ ಮಾತ್ರ ಅವರ ಬೀರುವಿನಲ್ಲೇ ಉಳಿಯಿತು.

ಹೀಗೆ ನೋಡಿ. ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಸರ್ಚ್, ಅದರೊಳಗೆ ಸರ್ಚ್ ಮ್ಯಾಕ್ರೋಸ್. ಮೇಲೆ ಆ್ಯಪ್ ಆರಿಸುವ ಕಡೆ ‘ಆಲ್’ ಅಂತ ಇಡಿ. ಪಟ್ಟಿಯಲ್ಲಿ ಪೇಮೆಂಟ್_ಲಾಗ್ ಕಾಣಿಸದೇ ಇದ್ದರೆ ಅದೇ ನಿಮಗೆ ಉತ್ತರ. ಇನ್ನೊಬ್ಬರ ಸ್ವಂತದ ಮ್ಯಾಕ್ರೋ ನಿಮಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಕಾಣುತ್ತದೆ. ಅಡ್ಮಿನ್‌ಗೆ ಹೇಳಿ ಅದನ್ನು ಆ್ಯಪ್ ಮಟ್ಟಕ್ಕೆ ಹಂಚಿಸಿ, ಅಥವಾ ಮಾಲೀಕರ ಹೆಸರನ್ನೇ ಬದಲಾಯಿಸಿಕೊಳ್ಳಿ. ಹೋದವರ ವಸ್ತುಗಳನ್ನು ಇನ್ನೊಬ್ಬರ ಹೆಸರಿಗೆ ಮಾಡುವ ಪುಟವೇ ಬೇರೆ ಇದೆ, ಅಡ್ಮಿನ್‌ಗಳಿಗೆ ಗೊತ್ತಿರುತ್ತದೆ. ಅವರ ಖಾತೆಯನ್ನು ಅಳಿಸುವ ಮುಂಚೆ ಮಾಡಿಸಿದರೆ ಕೆಲಸ ಸುಲಭ. ಈಗಲೇ ಹೋಗಿ ಕೇಳಿ, ಈ ಪತ್ರಿಕೆ ಆಮೇಲೆ ಓದಬಹುದು.

ಪಟ್ಟಿಯಲ್ಲಿ ಕಾಣಿಸಿತು, ಆದರೂ ಸಿಗುತ್ತಿಲ್ಲ ಅಂತಾದರೆ ಅದು ಮೂರನೇ ಕಾರಣ. ಮ್ಯಾಕ್ರೋ ಒಂದು ಆ್ಯಪ್‌ನಲ್ಲಿದೆ, ನೀವು ಇನ್ನೊಂದರಲ್ಲಿ ಕೂತು ಹುಡುಕುತ್ತಿದ್ದೀರಿ. ಆ ಆ್ಯಪ್‌ಗೆ ಹೋಗಿ ಓಡಿಸಿ, ಇಲ್ಲವೇ ಮ್ಯಾಕ್ರೋವನ್ನು ಎಲ್ಲ ಆ್ಯಪ್‌ಗಳಿಗೂ ತೆರೆಯಿರಿ.

ಇಲ್ಲೇ ಒಂದು ಎಚ್ಚರಿಕೆ. ಅವಸರಕ್ಕೆ ನೀವೇ ಅದೇ ಹೆಸರಿನಲ್ಲಿ ಒಂದು ಸ್ವಂತ ಮ್ಯಾಕ್ರೋ ಮಾಡಿಕೊಳ್ಳಬೇಡಿ. ನಾಳೆ ಅಡ್ಮಿನ್ ಮೂಲದ್ದನ್ನು ಹಂಚಿದ ಮೇಲೂ ನಿಮಗೆ ನಿಮ್ಮದೇ ಓಡುತ್ತದೆ. ಸ್ವಂತದ್ದಕ್ಕೆ ಮೊದಲ ಪಂಕ್ತಿ, ಆಮೇಲೆ ಆ ಆ್ಯಪ್‌ನದ್ದು, ಆಮೇಲೆ ಹೊರಗಿನಿಂದ ಹಂಚಿದ್ದು. ಒಂದೇ ಸರ್ಚ್ ಹಾಕಿ ಇಬ್ಬರಿಗೆ ಎರಡು ಲೆಕ್ಕ ಬಂದು ಮೀಟಿಂಗ್‌ನಲ್ಲಿ ಜಗಳ ಆಗಿದ್ದನ್ನು ನಾನೇ ನೋಡಿದ್ದೇನೆ. ಯಾವುದು ಯಾವ ಫೈಲಿನಿಂದ ಬರುತ್ತಿದೆ ಎಂದು ಗೊತ್ತಾಗಬೇಕಾದರೆ ಸರ್ವರ್ ಕೈಯಲ್ಲಿರುವವರಿಗೆ ‘ಬಿಟೂಲ್’ ಎಂಬ ಕಮಾಂಡ್ ಓಡಿಸಲು ಹೇಳಿ. ಮ್ಯಾಕ್ರೋಸ್ ಲಿಸ್ಟ್ ಕೇಳಿ ಡೀಬಗ್ ಸೇರಿಸಿದರೆ ಪ್ರತಿ ಸಾಲಿನ ಪಕ್ಕ ಫೈಲಿನ ಹಾದಿ ಬರುತ್ತದೆ.

ನನ್ನ ಮ್ಯಾಕ್ರೋ ಹೆಸರು ‘ಶಾಖೆ’. ಅದಕ್ಕೆ ಕೊಡುವುದು ಒಂದೇ ಮಾಹಿತಿ, ಶಾಖೆಯ ಹೆಸರು. ಎರರ್ ಮಾತ್ರ ‘ಶಾಖೆ(2) ಸಿಗುತ್ತಿಲ್ಲ’ ಅನ್ನುತ್ತದೆ. ಈ ಎರಡು ಎಲ್ಲಿಂದ ಬಂತು? — ಒಬ್ಬ ಓದುಗ, ಹುಬ್ಬಳ್ಳಿ

ಅಲ್ಪವಿರಾಮದಿಂದ ಬಂತು. ನೀವು ಕೊಟ್ಟ ಹೆಸರು ‘ಹುಬ್ಬಳ್ಳಿ, ವಿದ್ಯಾನಗರ’ ಅನ್ನುವ ತರಹದ್ದೇ ಇರಬೇಕು. ಅಲ್ಪವಿರಾಮ ಕಂಡಲ್ಲಿ ಸ್ಪ್ಲಂಕ್ ಎರಡು ಮಾಡಿಕೊಳ್ಳುತ್ತದೆ. ಎಷ್ಟು ಮಾಹಿತಿ ಕೊಟ್ಟಿರಿ ಅನ್ನುವ ಲೆಕ್ಕವೂ ಮ್ಯಾಕ್ರೋ ಹೆಸರಿನ ಭಾಗವೇ. ಶಾಖೆ(1) ಬೇರೆ, ಶಾಖೆ(2) ಬೇರೆ. ಎರಡೂ ಅಕ್ಕಪಕ್ಕ ಇರಬಹುದು. ಕೊಡುವ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಿ, ಸರಿಹೋಗುತ್ತದೆ. ಹಾಗೇ ಮ್ಯಾಕ್ರೋದ ಒಳಗೆ ಆ ಮಾಹಿತಿ ಕೂರುವ ಜಾಗದ ಎರಡೂ ಕಡೆ ಡಾಲರ್ ಚಿಹ್ನೆ ಇದೆಯಾ ನೋಡಿಕೊಳ್ಳಿ. ಒಂದೇ ಕಡೆ ಹಾಕಿ ಮರೆಯುವವರು ಬಹಳ.

ಅಕ್ಕಾ, ನಾನು ಮ್ಯೂನಿಕ್‌ನಲ್ಲಿದ್ದೇನೆ. ಬೆಂಗಳೂರಿನ ಟೀಮ್ ಕಳಿಸಿದ ಸರ್ಚ್ ಅಂಟಿಸಿದರೆ ಓಡುತ್ತದೆ. ನಾನೇ ನೋಡಿಕೊಂಡು ಟೈಪ್ ಮಾಡಿದರೆ ಓಡುವುದಿಲ್ಲ. ನನ್ನ ಕೈಯಲ್ಲೇ ದೋಷ ಇದೆಯಾ? — ಮೂಲ ಊರು ಕುಂದಾಪುರ

ಕೈಯಲ್ಲಿ ಇಲ್ಲ, ಕೀಬೋರ್ಡಿನಲ್ಲಿದೆ. ಮ್ಯಾಕ್ರೋ ಹೆಸರಿನ ಹಿಂದೆ ಮುಂದೆ ಇರುವ ಗೀಟು ` ಇದು. ಬ್ಯಾಕ್‌ಟಿಕ್ ಅಂತಾರೆ. ಎಡದಿಂದ ಬಲಕ್ಕೆ ಇಳಿಯುವ ಪುಟ್ಟ ಗೀಟು. ನಮ್ಮ ಕೀಬೋರ್ಡುಗಳಲ್ಲಿ ಎಸ್ಕೇಪ್ ಕೆಳಗೆ, ಒಂದರ ಎಡಕ್ಕೆ ಇರುತ್ತದೆ. ಎಂಟರ್ ಪಕ್ಕದ ಒಂಟಿ ಉದ್ಧರಣ ಚಿಹ್ನೆ ಇದಲ್ಲ. ಇಲ್ಲಿಯವರು ಎಡವುವುದು ಅಲ್ಲಿ.

ನೀವು ಎಡವಿರುವುದು ಬೇರೆ ಕಡೆ. ಜರ್ಮನ್ ಕೀಬೋರ್ಡಿನಲ್ಲಿ ಇದು ಬ್ಯಾಕ್‌ಸ್ಪೇಸ್‌ನ ಎಡಕ್ಕೆ ಹೋಗಿ ಕೂತಿದೆ. ಆ ಕೀಲಿಯನ್ನು ಸುಮ್ನೆ ಒತ್ತಿದರೆ ´ ಬರುತ್ತದೆ, ಗೀಟು ಆ ಕಡೆಗೆ ವಾಲಿರುತ್ತದೆ. ಸ್ಪ್ಲಂಕ್‌ಗೆ ಅದು ಬೇಡ. ಶಿಫ್ಟ್ ಹಿಡಿದು ಒತ್ತಿದರೆ ನಮಗೆ ಬೇಕಾದದ್ದು, ಆದರೆ ಒತ್ತಿದ ತಕ್ಷಣ ಏನೂ ಮೂಡುವುದಿಲ್ಲ. ಮುಂದಿನ ಅಕ್ಷರಕ್ಕಾಗಿ ಕಾಯುತ್ತದೆ. ಫ್ರೆಂಚರ ಹೆಸರು ಬರೆಯಲು ಅನುಕೂಲವಾಗಲಿ ಅಂತ ಹಾಗೆ ಮಾಡಿದ್ದಾರೆ. ನಿಮ್ಮ ಮ್ಯಾಕ್ರೋ ಹೆಸರು ‘ಎ’ ಅಕ್ಷರದಿಂದ ಶುರುವಾದರೆ ಗೀಟು ಹೋಗಿ ಅದರ ತಲೆ ಮೇಲೆ ಕೂತುಬಿಡುತ್ತದೆ. ಪರದೆ ಮೇಲೆ ನೊಣ ಕೂತ ಹಾಗೆ ಕಾಣುತ್ತದೆ, ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಶಿಫ್ಟ್ ಜತೆ ಒತ್ತಿ, ಸ್ಪೇಸ್ ಒಂದು ಸಲ ಒತ್ತಿ, ಆಮೇಲೆ ಹೆಸರು ಹೊಡೆಯಿರಿ.

ನನಗೂ ಇದೇ ಕೀಲಿಯ ಕಾಟ ಇದೆ. ಈ ಅಂಕಣವನ್ನು ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಬರೆಯುತ್ತೇನೆ. ಅದರಲ್ಲಿ ಎಸ್ಕೇಪ್ ಕೆಳಗಿನ ಕೀಲಿ ಒತ್ತಿದರೆ ‘ಕೊ’ದಲ್ಲಿರುವ ಒತ್ವ ಬರುತ್ತದೆ. ಬರೆಯುತ್ತಾ ಬರೆಯುತ್ತಾ ಸ್ಪ್ಲಂಕ್ ತೆರೆದು ಒಂದು ಮ್ಯಾಕ್ರೋ ಪರೀಕ್ಷೆ ಮಾಡಲು ಹೋಗಿ, ಭಾಷೆ ಬದಲಿಸುವುದು ಮರೆತು, ಬರೀ ಒತ್ವ ಹೊಡೆದು ಕೂತಿದ್ದೇನೆ.

ಮೇಡಂ, ಎರರ್ ಏನೂ ಬರುತ್ತಿಲ್ಲ. ಆದರೆ ಲೆಕ್ಕ ಸರಿಯಿಲ್ಲ. ಮೈಸೂರು ಶಾಖೆಯ ತೊಂದರೆಗಳನ್ನಷ್ಟೇ ಎಣಿಸಬೇಕು. ಕೈಯಾರೆ ಪೂರ್ತಿ ಬರೆದರೆ 41 ಬರುತ್ತದೆ. ಅದೇ ಷರತ್ತನ್ನು ಮ್ಯಾಕ್ರೋ ಮಾಡಿ ಹಾಕಿದರೆ 6 ಸಾವಿರ ಚಿಲ್ಲರೆ. ಮ್ಯಾಕ್ರೋ ಸುಳ್ಳು ಹೇಳುತ್ತದೆಯೇ? — ಮೈಸೂರಿನ ಓದುಗರು

ನನಗೆ ತುಂಬಾ ಇಷ್ಟವಾದ ಪತ್ರ ಇದು. ಎರಡು ಲೆಕ್ಕವನ್ನೂ ಹೋಲಿಸಿ ನೋಡಿದಿರಲ್ಲ, ಎಷ್ಟೋ ಜನ 6 ಸಾವಿರವನ್ನೇ ಸ್ಲೈಡಿಗೆ ಹಾಕಿ ಸಾಹೇಬರಿಗೆ ತೋರಿಸಿಬಿಡುತ್ತಾರೆ.

ನೀವು ಪತ್ರದ ಜತೆ ಕಳಿಸಿದ ಮ್ಯಾಕ್ರೋ ಇದು: ಸ್ಟೇಟಸ್ (ಸರ್ವರ್ ಕೊಡುವ ಉತ್ತರದ ಸಂಖ್ಯೆ, 500ರಿಂದ ಮೇಲಿದ್ದರೆ ತಪ್ಪು ಸರ್ವರಿನದು) 500 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಸಮಯ 3000 ಮಿಲಿಸೆಕೆಂಡಿಗಿಂತ ಹೆಚ್ಚು. ಅದನ್ನು ಷರತ್ತು ಹಾಕಿ ಸೋಸುವ ವೇರ್ ಕಮಾಂಡಿನಲ್ಲಿ ಬಳಸಿದ್ದೀರಿ. ಶಾಖೆ ಮೈಸೂರು ಆಗಿರಬೇಕು, ಮತ್ತು `ತೊಂದರೆ`.

ಮ್ಯಾಕ್ರೋ ಅಂದರೆ ಬರೀ ಅಕ್ಷರ ತಂದು ಅಂಟಿಸುವುದು. ಅದಕ್ಕೆ ಅರ್ಥ ಗೊತ್ತಿಲ್ಲ, ಆವರಣ ಚಿಹ್ನೆ ( ) ಹಾಕುವ ಬುದ್ಧಿಯೂ ಇಲ್ಲ. ಅಂಟಿಸಿದ ಮೇಲೆ ನಿಮ್ಮ ಸಾಲು ಹೀಗಾಗುತ್ತದೆ: ಶಾಖೆ ಮೈಸೂರು, ಮತ್ತು ಸ್ಟೇಟಸ್ 500ರ ಮೇಲೆ, ಇಲ್ಲವೇ ಸಮಯ 3000ದ ಮೇಲೆ. ವೇರ್‌ನಲ್ಲಿ ‘ಮತ್ತು’ ಮೊದಲು ಗಂಟು ಹಾಕಿಕೊಳ್ಳುತ್ತದೆ, ‘ಇಲ್ಲವೇ’ ಆಮೇಲೆ. ಶಾಲೆಯಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸು ಅಂತ ಮೇಷ್ಟ್ರು ಹೇಳುತ್ತಿರಲಿಲ್ವಾ, ಹಾಗೆ. ಆದ್ದರಿಂದ ಮೈಸೂರು ಅನ್ನುವ ಷರತ್ತು 500ರ ಜತೆಗಷ್ಟೇ ಅಂಟಿತು. ನಿಧಾನವಾದದ್ದು ಮಂಗಳೂರಿನದಾಗಲಿ ಕಲಬುರಗಿಯದಾಗಲಿ, ಎಲ್ಲ ಒಳಗೆ ಬಂತು. ಕೈಯಾರೆ ಬರೆದಾಗ ನೀವು ಆವರಣ ಹಾಕಿದ್ದಿರಿ. ಪತ್ರ ತೆಗೆದು ನೋಡಿ, ಇದೆ.

ಪರಿಹಾರ ಎರಡು ಚಿಹ್ನೆ. ಮ್ಯಾಕ್ರೋದೊಳಗಿನ ಇಡೀ ಷರತ್ತಿಗೆ ಆವರಣ ಹಾಕಿಬಿಡಿ.

ತಮಾಷೆ ಏನೆಂದರೆ, ಇದೇ ಷರತ್ತನ್ನು ವೇರ್ ಬಿಟ್ಟು ಸರ್ಚ್ ಕಮಾಂಡಿನಲ್ಲಿ ಬಳಸಿದ್ದರೆ ಸರಿಯಾದ ಲೆಕ್ಕವೇ ಬರುತ್ತಿತ್ತು. ಅಲ್ಲಿ ‘ಇಲ್ಲವೇ’ ಮೊದಲು, ‘ಮತ್ತು’ ಆಮೇಲೆ. ಒಂದೇ ತಂತ್ರಾಂಶದಲ್ಲಿ ಎರಡು ನ್ಯಾಯ! ಯಾಕೆ ಹೀಗಿಟ್ಟರೋ, ನನಗಂತೂ ಇದು ಸೇರುವುದಿಲ್ಲ. ಅದಕ್ಕೇ ಬೇಕಿರಲಿ ಬೇಡವಿರಲಿ, ಆವರಣ ಹಾಕಿಯೇ ಮ್ಯಾಕ್ರೋ ಉಳಿಸುವುದು ನನ್ನ ಅಭ್ಯಾಸ.

ಇನ್ನು ಮುಂದೆ ಅನುಮಾನ ಬಂದರೆ ಡಬ್ಬದ ಮುಚ್ಚಳ ತೆಗೆದು ನೋಡಿ. ಸರ್ಚ್ ಪಟ್ಟಿಯಲ್ಲಿ ಕರ್ಸರ್ ಇಟ್ಟು ಕಂಟ್ರೋಲ್, ಶಿಫ್ಟ್, ಇ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಮ್ಯಾಕ್ರೋಗಳೆಲ್ಲ ಬಿಚ್ಚಿಕೊಂಡು ಪೂರ್ತಿ ಸರ್ಚ್ ಕಾಣುತ್ತದೆ. ಮ್ಯಾಕ್ರೋದೊಳಗೆ ಇನ್ನೊಂದು ಮ್ಯಾಕ್ರೋ ಇದ್ದರೆ ಅದೂ ಬಿಚ್ಚಿಕೊಳ್ಳುತ್ತದೆ. ಅದನ್ನು ಒಂದು ಸಲ ಗಟ್ಟಿಯಾಗಿ ಓದಿ. ನಾನು ಪಾಳಿಯಲ್ಲಿ ಹೀಗೆ ಓದುವಾಗ ಪಕ್ಕದವರು ಮಂತ್ರ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು.

‘ಈ ಕಮಾಂಡ್ ಸರ್ಚ್‌ನಲ್ಲಿ ಮೊದಲನೆಯದಾಗಿರಬೇಕು’ ಅನ್ನುತ್ತದೆ. ಮೊದಲನೆಯದಾಗಿಯೇ ಇದೆ! ಮ್ಯಾಕ್ರೋದೊಳಗೆ ಟಿಸ್ಟ್ಯಾಟ್ಸ್ ಎಂಬ ಎಣಿಸುವ ಕಮಾಂಡ್ ಇದೆ. — ಒಬ್ಬ ಓದುಗ, ಮಂಗಳೂರು

ನಿಮ್ಮ ಕಣ್ಣಿಗೆ ಮೊದಲನೆಯದು. ಪೈಪ್ ಗೀಟಿನಿಂದ (| ಇದು, ಒಂದು ಕಮಾಂಡಿನ ಫಲವನ್ನು ಮುಂದಿನದಕ್ಕೆ ದಾಟಿಸುವ ಗೀಟು) ಶುರುವಾಗದ ಯಾವ ಸರ್ಚ್ ಬಂದರೂ ಸ್ಪ್ಲಂಕ್ ಅದರ ಮುಂದೆ ಸದ್ದಿಲ್ಲದೆ ‘ಸರ್ಚ್’ ಅನ್ನುವ ಕಮಾಂಡನ್ನು ತಾನೇ ಸೇರಿಸಿಕೊಳ್ಳುತ್ತದೆ. ನೀವು ಪೈಪನ್ನು ಮ್ಯಾಕ್ರೋದೊಳಗೆ ಇಟ್ಟಿದ್ದೀರಿ, ಹೊರಗಿಟ್ಟಿಲ್ಲ. ಹಾಗಾಗಿ ಟಿಸ್ಟ್ಯಾಟ್ಸ್ ಎರಡನೆಯದಾಯಿತು. ಒಳಗಿನ ಪೈಪ್ ತೆಗೆಯಿರಿ, ಮ್ಯಾಕ್ರೋ ಹೆಸರಿಗಿಂತ ಮೊದಲು, ಬ್ಯಾಕ್‌ಟಿಕ್‌ನ ಹೊರಗೆ, ಪೈಪ್ ಹಾಕಿ. ಇನ್‌ಪುಟ್‌ಲುಕಪ್, ಮೆಟಾಡೇಟಾ ಎಂಬ ಕಮಾಂಡುಗಳಿಗೂ ಇದೇ ಮದ್ದು.

‘ಮ್ಯಾಕ್ರೋ ಒಂದು ಇವ್ಯಾಲ್ ಆಗಿರಬೇಕು, ಸ್ಟ್ರಿಂಗ್ ಕೊಡಬೇಕು’ ಎಂದು ಬೈಯುತ್ತದೆ. — ಬೆಳಗಾವಿ

ಇವ್ಯಾಲ್ ಅಂದರೆ ಲೆಕ್ಕ ಹಾಕಿ ಉತ್ತರ ಕೊಡುವ ಸೂತ್ರ, ಸ್ಟ್ರಿಂಗ್ ಅಂದರೆ ಬರೀ ಅಕ್ಷರಗಳ ಸಾಲು. ಮ್ಯಾಕ್ರೋ ಪುಟದಲ್ಲಿ ಇವ್ಯಾಲ್ ಬಗ್ಗೆ ಒಂದು ಚೌಕ ಇದೆಯಲ್ಲ, ಅದಕ್ಕೆ ಟಿಕ್ ಹಾಕಿದ್ದೀರಿ. ತೆಗೆಯಿರಿ. ಹತ್ತರಲ್ಲಿ ಒಂಬತ್ತು ಸಲ ಅದು ಬೇಕಾಗುವುದೇ ಇಲ್ಲ. ಒಳಗೆ ಇವ್ಯಾಲ್ ಕಮಾಂಡ್ ಇದೆ, ಹಾಗಾಗಿ ಟಿಕ್ ಹಾಕಬೇಕು ಎಂದು ತಿಳಿದುಕೊಳ್ಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಕ್ಕಾ, ನೀವೂ ಇಂಥ ತಪ್ಪು ಮಾಡಿದ್ದೀರಾ? ಅಥವಾ ಬರೀ ನಮಗೆ ಹೇಳುವುದಾ? — ತುಮಕೂರಿನ ತರಲೆ

ಮಾಡಿದ್ದೇನಪ್ಪಾ. ದೊಡ್ಡದೇ ಮಾಡಿದ್ದೇನೆ.

ಆಗ ಇದ್ದ ಕಂಪನಿಯಲ್ಲಿ ಹಣ ಪಾವತಿ ಸಿಕ್ಕಿಹಾಕಿಕೊಂಡರೆ ಕೂಗುವ ಒಂದು ಅಲರ್ಟ್ ಇತ್ತು. ಹದಿನೈದು ನಿಮಿಷಕ್ಕೊಮ್ಮೆ ಸರ್ಚ್ ಓಡಬೇಕು, ಒಂದು ಸಾಲು ಸಿಕ್ಕರೂ ನಮ್ಮ ಫೋನಿಗೆ ಕರೆ ಬರಬೇಕು. ಅದರ ಸರ್ಚ್ ಸ್ವಲ್ಪ ತಿದ್ದಬೇಕಿತ್ತು. ಹಗಲು ಪಾಳಿಯವರು ತಿದ್ದಿ, ಚಾಟ್‌ನಲ್ಲಿ ಕಳಿಸಿದರು. ನಾನು ರಾತ್ರಿ ಹನ್ನೊಂದೂವರೆಗೆ ನಕಲು ಮಾಡಿ ಅಲರ್ಟಿಗೆ ಅಂಟಿಸಿದೆ. ಓಡಿಸಿದೆ. ಎರರ್ ಇಲ್ಲ. ಸೊನ್ನೆ ಸಾಲು. ಏನೂ ತೊಂದರೆ ಇಲ್ಲ ಅಂದರೆ ಸೊನ್ನೆಯೇ ಬರಬೇಕು, ಸರಿಯಾಗೇ ಇದೆ ಅಂದುಕೊಂಡು ಉಳಿಸಿ ಟೀ ಕುಡಿಯಲು ಹೋದೆ.

ಒಂಬತ್ತು ದಿನ ಆ ಅಲರ್ಟ್ ಕೂಗಲೇ ಇಲ್ಲ. ನಾವೆಲ್ಲ ಖುಷಿಯಾಗಿದ್ದೆವು. ಹತ್ತನೇ ದಿನ ಗ್ರಾಹಕರೊಬ್ಬರೇ ಫೋನ್ ಮಾಡಿ, ಮೂರು ದಿನದಿಂದ ದುಡ್ಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂದರು.

ಆದದ್ದಿಷ್ಟು. ಚಾಟ್‌ಗಳಲ್ಲಿ ಪದದ ಎರಡು ಕಡೆ ಬ್ಯಾಕ್‌ಟಿಕ್ ಹಾಕಿದರೆ, ಓಹೋ ಇದು ಕೋಡ್ ಅಂದುಕೊಂಡು ಆ ಪದಕ್ಕೆ ಬೂದು ಬಣ್ಣದ ಹಿನ್ನೆಲೆ ಕೊಡುತ್ತವೆ, ಗೀಟುಗಳನ್ನು ನುಂಗಿಬಿಡುತ್ತವೆ. ನಾನು ಅಂಟಿಸಿದ್ದರಲ್ಲಿ ಮ್ಯಾಕ್ರೋ ಹೆಸರಿತ್ತು, ಗೀಟಿರಲಿಲ್ಲ. ಗೀಟಿಲ್ಲದ ಹೆಸರು ಸ್ಪ್ಲಂಕ್‌ಗೆ ಬರೀ ಒಂದು ಪದ. ಆ ಪದವಿರುವ ಸಾಲನ್ನು ಲಾಗ್‌ನಲ್ಲಿ ಹುಡುಕಿತು. ಯಾವ ಸರ್ವರ್ ತಾನೇ ನಮ್ಮ ಮ್ಯಾಕ್ರೋ ಹೆಸರನ್ನು ತನ್ನ ಲಾಗ್‌ನಲ್ಲಿ ಬರೆಯುತ್ತದೆ? ಸೊನ್ನೆ. ಹದಿನೈದು ನಿಮಿಷಕ್ಕೊಮ್ಮೆ, ಒಂಬತ್ತು ದಿನ, ಶ್ರದ್ಧೆಯಿಂದ ಸೊನ್ನೆ. ಪೈಪ್ ಆದಮೇಲೆ ಬರುವ ಮ್ಯಾಕ್ರೋ ಆಗಿದ್ದರೆ ‘ಇಂಥ ಕಮಾಂಡ್ ಗೊತ್ತಿಲ್ಲ’ ಅಂತ ಕಿರುಚಾದರೂ ಕಿರುಚುತ್ತಿತ್ತು. ನಮ್ಮದು ಸರ್ಚ್‌ನ ಮೊದಲಲ್ಲೇ ಇತ್ತು.

ಇದರ ತದ್ವಿರುದ್ಧವೂ ಇದೆ. ಬ್ಯಾಕ್‌ಟಿಕ್ ಒಂದರ ಬದಲು ಮೂರು ಮೂರು ಹಾಕಿದರೆ ಸ್ಪ್ಲಂಕ್ ಅದನ್ನು ಟಿಪ್ಪಣಿ ಅಂದುಕೊಂಡು ದಾಟಿ ಹೋಗುತ್ತದೆ. ಆಗ ಸೋಸುವ ಷರತ್ತೇ ಮಾಯ, ಎಲ್ಲ ಸಾಲೂ ಬಂದು ಬೀಳುತ್ತದೆ. ಅಲ್ಲೂ ಎರರ್ ಇಲ್ಲ.

ಆಮೇಲೆ ಅಲರ್ಟ್ ತಿದ್ದಿದಾಗಲೆಲ್ಲ ಒಂದು ಕೆಲಸ ಮಾಡತೊಡಗಿದೆ. ಹಿಂದೆ ನಿಜವಾಗಿ ತೊಂದರೆ ಆದ ದಿನವೊಂದನ್ನು ಆರಿಸಿಕೊಂಡು, ಹೊಸ ಸರ್ಚನ್ನು ಆ ದಿನದ ಮೇಲೆ ಓಡಿಸುವುದು. ಅಂದು ಸೊನ್ನೆ ಬಂದರೆ ಎಲ್ಲೋ ಎಡವಟ್ಟಾಗಿದೆ. ಡೈರಿಯ ಕೊನೆ ಪುಟದಲ್ಲಿ ಅಂಥ ಕೆಟ್ಟ ದಿನಗಳ ತಾರೀಕು ಬರೆದಿಟ್ಟುಕೊಳ್ಳುತ್ತಿದ್ದೆ. ನಮ್ಮ ಅಮ್ಮ ಒಮ್ಮೆ ನೋಡಿ, ಇವೇನು ಮದುವೆ ಮುಹೂರ್ತವಾ ಅಂತ ಕೇಳಿದ್ದರು.

ನಾನು ಶಿವಮೊಗ್ಗದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿನಿ. ಇದನ್ನೆಲ್ಲ ಮನೆಯಲ್ಲೇ ಕಲಿಯಬಹುದಾ? ದುಡ್ಡು ಕೊಡಬೇಕಾ?

ಬೇಕಿಲ್ಲ ಮಗಳೇ. ಸ್ಪ್ಲಂಕ್ ಎಂಟರ್‌ಪ್ರೈಸ್ ಇಳಿಸಿಕೊಂಡರೆ 60 ದಿನ ಎಲ್ಲ ಸೌಲಭ್ಯದ ಜತೆ ನಡೆಯುತ್ತದೆ. ಆಮೇಲೆ ಉಚಿತ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದು, ದಿನಕ್ಕೆ 500 ಎಂಬಿ ಲಾಗ್ ತುಂಬಿಸಬಹುದು. ಕಲಿಯಲು ಅಷ್ಟು ಧಾರಾಳ ಸಾಕು.

ಒಂದೇ ತೊಡಕು. ಉಚಿತದ್ದರಲ್ಲಿ ಬೇರೆ ಬೇರೆ ಬಳಕೆದಾರರು ಇರುವುದಿಲ್ಲ, ಅಲರ್ಟೂ ಇಲ್ಲ. ಆದ್ದರಿಂದ ಮೊದಲ ಪತ್ರದ ಅನುಮತಿಯ ಗೋಳು ಅಲ್ಲಿ ಹುಟ್ಟುವುದೇ ಇಲ್ಲ. ಆ 60 ದಿನದೊಳಗೇ ಎರಡು ಖಾತೆ ಮಾಡಿಕೋ. ಒಂದಕ್ಕೆ ಅಡ್ಮಿನ್ ಅಧಿಕಾರ, ಇನ್ನೊಂದು ಸಾಮಾನ್ಯ ಬಳಕೆದಾರ. ಅಡ್ಮಿನ್ ಆಗಿ ಒಂದು ಮ್ಯಾಕ್ರೋ ಮಾಡು, ಹಂಚಬೇಡ. ಇನ್ನೊಂದು ಖಾತೆಯಲ್ಲಿ ಹೋಗಿ ಅದನ್ನು ಕರೆ. ಕೆಂಪು ಸಾಲು ಬರುತ್ತದೆ, ಪೂರ್ತಿ ಓದು. ಆಮೇಲೆ ಹಂಚು, ಮತ್ತೆ ಕರೆ. ಒಂದು ಮ್ಯಾಕ್ರೋ ತನ್ನನ್ನು ತಾನೇ ಕರೆಯುವ ಹಾಗೂ ಬರೆದು ನೋಡು. ಮೊದಲೇ ಇಟ್ಟಿರುವ ಮಿತಿ 100 ಸುತ್ತು, ಅಷ್ಟಾದ ಮೇಲೆ ಸುಸ್ತಾಗಿ ನಿಲ್ಲುತ್ತದೆ. ಏನೂ ಹಾಳಾಗುವುದಿಲ್ಲ, ಹೆದರಬೇಡ.

ಲಾಗ್ ಎಲ್ಲಿಂದ ತರಲಿ ಅಂತ ಮುಂದಿನ ಪತ್ರ ಬರೆಯಬೇಡ. ನಿನ್ನ ಕಂಪ್ಯೂಟರೇ ದಿನಾ ಬರೆಯುತ್ತಿದೆ, ಮೊದಲು ಅದನ್ನೇ ತುಂಬಿಸು.